ಗೆಸ್ಟ್ ಹೇಳಿದ ಆ ಒಂದು ಮಾತನ್ನ ನಾನು ಹಿಡೀಲೇ ಇಲ್ಲ. ಸಂದರ್ಶನ ಮಾಡೋದು ಕಲಿಯೋದು ಹೇಗೆ?

ಹೊಸಮೈಕು:

ಎಲ್ರಿಗೂ ನಮಸ್ಕಾರ. ಸಮುದಾಯ ರೇಡಿಯೋ ಒಂದ್ರಲ್ಲಿ ವಾಲಂಟಿಯರ್ ಆಗಿ ಸೇರಿ ನಾಲ್ಕು ತಿಂಗಳಾಯ್ತು. ಮೊದಲು ಫೋನ್ ಎತ್ತೋದು, ಹಳೇ ರೆಕಾರ್ಡಿಂಗ್‌ಗಳಿಗೆ ಹೆಸರು ಹಾಕಿ ಫೋಲ್ಡರ್ ಮಾಡಿಡೋದು, ಆಮೇಲೆ ಸ್ವಲ್ಪ ಎಡಿಟಿಂಗ್ ಕಲಿಸಿದ್ರು. ಹೋದ ವಾರ ಮೊದಲ ಸಲ ನನ್ನ ಕೈಗೇ ಒಂದು ಸಂದರ್ಶನ ಕೊಟ್ರು. ಅರ್ಧ ಗಂಟೆ ಕಾರ್ಯಕ್ರಮ, ರೆಕಾರ್ಡೆಡ್, ಲೈವ್ ಅಲ್ಲ. ಗೆಸ್ಟ್ ಮೂವತ್ತು ವರ್ಷಕ್ಕೂ ಜಾಸ್ತಿ ಬಸ್ ಓಡಿಸಿ ರಿಟೈರ್ ಆದ ಡ್ರೈವರ್.

ನಾನು ಎರಡು ದಿನ ಕೂತು 22 ಪ್ರಶ್ನೆ ಬರ್ಕೊಂಡು ಹೋಗಿದ್ದೆ. ಹನ್ನೊಂದು ನಿಮಿಷಕ್ಕೆ ಎಲ್ಲಾ ಮುಗಿದು ಹೋಯ್ತು. "ಕೆಲಸ ಹೇಗಿತ್ತು ಸರ್?" ಅಂದ್ರೆ "ಚೆನ್ನಾಗಿತ್ತಮ್ಮ" ಅಂತಾರೆ, "ಕಷ್ಟ ಅನ್ನಿಸ್ತಿತ್ತಾ?" ಅಂದ್ರೆ "ಅಭ್ಯಾಸ ಆಗಿತ್ತು" ಅಂತಾರೆ. ಆಮೇಲೆ ಏನ್ ಕೇಳ್ಬೇಕು ಗೊತ್ತಾಗ್ದೆ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದೆ.

ಆದ್ರೆ ನಂಗೆ ನಿದ್ದೆ ಬರ್ದಿರೋ ಹಾಗೆ ಮಾಡಿರೋದು ಅದಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಏಳನೇ ನಿಮಿಷದಲ್ಲಿ ಅವರು ಸ್ವಲ್ಪ ಸಣ್ಣ ದನಿಯಲ್ಲಿ "ಒಂದ್ ಸಲ ಮಾತ್ರ ಸ್ಟೇರಿಂಗ್ ಮುಟ್ಟಕ್ಕೇ ಭಯ ಆಗಿತ್ತು" ಅಂತಾರೆ, ಅಂದು ಸುಮ್ನಾಗ್ತಾರೆ, ಒಂದು ಸೆಕೆಂಡ್ ಕೂಡ ಆಗಿಲ್ಲ, ನಾನು "ಓಕೆ ಸರ್, ಈಗ ಬಿಡುವಿನ ವೇಳೆ ಏನ್ ಮಾಡ್ತೀರಿ?" ಅಂತ ಕೇಳಿದೀನಿ. ಆ ಮಾತು ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ. ಆಗ ನಾನು ಹಾಳೆ ನೋಡ್ತಾ ಇದ್ದೆ. ಆಮೇಲೆ ಅವರು ಪೂರ್ತಿ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟಿದಾರೆ, ಯಾಕೆ ಅಂತ ಈಗ ಅರ್ಥ ಆಗ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಗಡಿಯಾರ ನೋಡ್ಬೇಕು, ದನಿ ಎಷ್ಟು ಜೋರಿದೆ ಅಂತ ತೋರಿಸೋ ಮೀಟರ್ ನೋಡ್ಬೇಕು, ಮುಂದಿನ ಪ್ರಶ್ನೆ ಯೋಚಿಸ್ಬೇಕು, ಇದರ ಮಧ್ಯೆ ಎದುರಿಗಿರೋರ ಮಾತು ನಿಜವಾಗ್ಲೂ ಕೇಳೋದು ಹೇಗೆ ಕಲಿತ್ರಿ ನೀವೆಲ್ಲ? ಪ್ರಶ್ನೆ ಬರ್ಕೊಂಡು ಹೋಗ್ಬೇಕಾ ಬೇಡ್ವಾ? ಪ್ರಶ್ನೆಗಳನ್ನ ಮೊದಲೇ ಗೆಸ್ಟ್‌ಗೆ ಕಳಿಸ್ಬೇಕಾ? ಇನ್ನೊಂದು, ರೆಕಾರ್ಡಿಂಗ್ ತುಂಬಾ ನನ್ನ "ಹೂಂ... ಹೂಂ..." ಅವರ ಮಾತಿನ ಮೇಲೇ ಬಂದಿದೆ, ತೆಗೆಯೋಕೆ ಆಗ್ತಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.


ಕಿವಿಮಾತು:

ಮೊದಲು ಒಂದು ವಿಷಯ. ನೀವು ನಿಮ್ಮ ರೆಕಾರ್ಡಿಂಗ್ ಪೂರ್ತಿ ಕೂತು ಕೇಳಿದ್ರಿ ನೋಡಿ, ಅದು ದೊಡ್ಡದು. ನಾನು ಹನ್ನೊಂದು ವರ್ಷದಿಂದ ವಾಲಂಟಿಯರ್, ಹೊಸಬರನ್ನ ತಯಾರು ಮಾಡೋ ಕೆಲಸಾನೂ ನೋಡ್ಕೋತೀನಿ, ತಮ್ಮದೇ ಸಂದರ್ಶನ ತಿರುಗಿ ಕೇಳಿಸ್ಕೊಳ್ಳೋರು ಬಹಳ ಕಮ್ಮಿ. ಕೇಳಿದ್ರೆ ತಮ್ಮ ದನಿ ಇಷ್ಟ ಆಗಲ್ಲ ಅಂತ ನಿಲ್ಲಿಸಿಬಿಡ್ತಾರೆ. ಏಳನೇ ನಿಮಿಷದ ಆ ಮಾತು ನಿಮಗೆ ಈಗ ಕೇಳಿಸ್ತು ಅಂದ್ರೆ ನಿಮ್ಮ ಕಿವಿ ಸರಿಯಾಗೇ ಇದೆ, ಆವತ್ತು ಕಣ್ಣು ಹಾಳೆ ಮೇಲಿತ್ತು ಅಷ್ಟೇ.

ಹಾಳೆ ವಿಷ್ಯಕ್ಕೇ ಬರ್ತೀನಿ. 22 ಪ್ರಶ್ನೆ ಪೂರ್ತಿ ವಾಕ್ಯದಲ್ಲಿ ಬರ್ಕೊಂಡು ಹೋದ್ರೆ ಮನಸ್ಸು ಅದನ್ನ ಓದಿ ಮುಗಿಸೋದೇ ಕೆಲಸ ಅಂದ್ಕೊಳತ್ತೆ. ನಾನು ಮಾಡೋದು ಹೀಗೆ: ತಯಾರಿಗೆ ಬೇಕಾದ್ರೆ ಐವತ್ತು ಪ್ರಶ್ನೆ ಬರೀತೀನಿ, ಆದ್ರೆ ಆ ಹಾಳೆ ಮನೇಲೇ ಬಿಟ್ಟು ಹೋಗ್ತೀನಿ. ಸ್ಟುಡಿಯೋಗೆ ಒಂದು ಸಣ್ಣ ಕಾರ್ಡ್. ಅದರಲ್ಲಿ ಮೊದಲ ಪ್ರಶ್ನೆ ಮಾತ್ರ ಪೂರ್ತಿ ಬರೆದಿರತ್ತೆ ಯಾಕಂದ್ರೆ ಶುರುವಿನಲ್ಲಿ ಎಲ್ರಿಗೂ ನಾಲಿಗೆ ತಡವರಿಸತ್ತೆ, ಆಮೇಲೆ ನಾಲ್ಕೈದು ಪದ ಅಷ್ಟೇ, "ಮೊದಲ ದಿನ", "ರಾತ್ರಿ ಪಾಳಿ", "ಕಂಡಕ್ಟರ್", "ಕೊನೇ ಟ್ರಿಪ್" ಹೀಗೆ. ಅವು ನಾವು ಮುಟ್ಟಬೇಕಾದ ಊರುಗಳು, ದಾರಿ ಯಾವುದು ಅಂತ ಗೆಸ್ಟ್ ಹೇಳ್ಲಿ.

ಇನ್ನು ಒಂದೇ ಪದದ ಉತ್ತರ. ಹೌದು ಇಲ್ಲ ಅಂತ ಉತ್ತರ ಬರೋ ಪ್ರಶ್ನೆ ಕೇಳ್ಬೇಡಿ ಅಂತ ಎಲ್ರೂ ಹೇಳ್ತಾರೆ, ಅದು ಸರಿ, ಆದ್ರೆ ಅಷ್ಟೇ ಸಾಲ್ದು. "ಕೆಲಸ ಹೇಗಿತ್ತು?" ಅನ್ನೋದು ಹೌದು ಇಲ್ಲ ಪ್ರಶ್ನೆ ಅಲ್ವಲ್ಲ, ಆದ್ರೂ "ಚೆನ್ನಾಗಿತ್ತು" ಅಂತ ಬಂತು. ಮೂವತ್ತು ವರ್ಷಾನ ಒಂದೇ ಸಲ ಕೈಗೆ ಕೊಟ್ಟು ಹೇಳಿ ಅಂದ್ರೆ ಪಾಪ ಯಾರು ತಾನೆ ಎಲ್ಲಿಂದ ಶುರು ಮಾಡ್ತಾರೆ? ಪ್ರಶ್ನೆಗೆ ಒಂದು ಜಾಗ, ಒಂದು ಹೊತ್ತು ಬೇಕು. "ಬೆಳಗಿನ ಮೊದಲ ಟ್ರಿಪ್ ಇದ್ರೆ ಎಷ್ಟೊತ್ತಿಗೆ ಏಳ್ತಿದ್ರಿ, ಡಿಪೋ ಒಳಗೆ ಕಾಲಿಟ್ಟ ತಕ್ಷಣ ಮೊದಲು ಏನ್ ಮಾಡ್ತಿದ್ರಿ?" ಅಂತ ಕೇಳಿ ನೋಡಿ. ಟಯರ್ ತಟ್ಟಿ ನೋಡಿದ್ದು, ಕತ್ತಲಲ್ಲಿ ಗಾಜು ಒರೆಸಿದ್ದು, ಎಲ್ಲಾ ತಾನಾಗೇ ಬರತ್ತೆ. ಒಂದು ಚಿತ್ರ ಬಂದ್ರೆ ಅದರ ಹಿಂದೆ ಹತ್ತು ಬರತ್ತೆ. ಹಾಗೇ ಒಂದೇ ಉಸಿರಲ್ಲಿ ಎರಡು ಮೂರು ಪ್ರಶ್ನೆ ಪೋಣಿಸ್ಬೇಡಿ, ಗೆಸ್ಟ್ ಕೊನೇದಕ್ಕೆ ಮಾತ್ರ, ಇಲ್ಲಾಂದ್ರೆ ಸುಲಭ ಇರೋದಕ್ಕೆ ಮಾತ್ರ ಉತ್ತರ ಕೊಡ್ತಾರೆ.

ಈಗ "ಭಯ ಆಗಿತ್ತು" ಅನ್ನೋ ಮಾತು. ಅಲ್ಲಿ ನೀವು ಹೊಸ ಪ್ರಶ್ನೆ ಹುಡುಕ್ಬೇಕಾಗೇ ಇರ್ಲಿಲ್ಲ. ಅವರ ಪದಾನೇ ವಾಪಸ್ ಕೊಟ್ಟಿದ್ರೆ ಸಾಕಿತ್ತು, "ಭಯ...?" ಅಂತ, ಅಷ್ಟೇ. ಅಥವಾ ಏನೂ ಅನ್ನದೇ ಅವರ ಮುಖ ನೋಡ್ತಾ ಮನಸ್ಸಲ್ಲಿ ಒಂದು, ಎರಡು, ಮೂರು, ನಾಲ್ಕು ಎಣಿಸಿ. ಮೌನ ನಮಗೆ ಬಹಳ ಉದ್ದ ಅನ್ಸತ್ತೆ, ಮಾತಾಡ್ತಿರೋರಿಗೆ ಅದು ಇನ್ನೊಂದು ಹೆಜ್ಜೆ ಇಡೋಕೆ ಸಿಗೋ ಜಾಗ. ನಿಮ್ಮದು ರೆಕಾರ್ಡೆಡ್ ಕಾರ್ಯಕ್ರಮ, ಜಾಸ್ತಿ ಆಯ್ತು ಅಂದ್ರೆ ಕತ್ತರಿಸಬಹುದು. ಆದ್ರೆ ಹೇಳದೇ ಉಳಿದದ್ದನ್ನ ಎಡಿಟಿಂಗಲ್ಲಿ ಸೇರಿಸೋಕೆ ಆಗಲ್ಲ ಅಲ್ವಾ.

ಅಭ್ಯಾಸಕ್ಕೆ ಒಂದು ಕೆಲಸ ಮಾಡಿ. ಮನೆಯವರು ಅಥವಾ ಸ್ನೇಹಿತರು ಯಾರನ್ನಾದ್ರೂ ಕೂರಿಸ್ಕೊಂಡು ಮೊಬೈಲಲ್ಲೇ ಹತ್ತು ನಿಮಿಷ ರೆಕಾರ್ಡ್ ಮಾಡಿ. ಮೊದಲ ಪ್ರಶ್ನೆ ಮಾತ್ರ ನಿಮ್ಮದು. ಅಲ್ಲಿಂದ ಮುಂದೆ ನೀವು ಕೇಳೋ ಪ್ರತಿ ಪ್ರಶ್ನೇಲೂ ಅವರು ಆಗಷ್ಟೇ ಹೇಳಿದ ಒಂದು ಪದ ಇರ್ಲೇಬೇಕು ಅಂತ ನಿಯಮ. ಮೊದಲ ಸಲ ತಲೆ ಬಿಸಿ ಆಗತ್ತೆ, ಐದಾರು ಸಲ ಆದ್ಮೇಲೆ ಕಿವಿ ತಾನಾಗೇ ಆ ಪದ ಹುಡುಕೋಕೆ ಶುರು ಮಾಡತ್ತೆ. ಆಮೇಲೆ ಆ ಹತ್ತು ನಿಮಿಷಾನ ಒಂದಕ್ಷರ ಬಿಡದೆ ಬರೆದಿಡಿ, ಬೇಜಾರಿನ ಕೆಲಸ ಆದ್ರೂ ಬಿಡ್ಬೇಡಿ. ನೀವೆಷ್ಟು ಮಾತಾಡಿದೀರಿ ಅವರೆಷ್ಟು ಮಾತಾಡಿದಾರೆ ಅಂತ ಕಣ್ಣಿಗೇ ಕಾಣತ್ತೆ.


ಫೇಡರ್_ಹಿಂದೆ:

ಮೇಲಿನವರು ಹೇಳಿದ್ದಕ್ಕೆ ಮಾತಿನ ಕಡೆಯಿಂದ ಸೇರಿಸೋದು ಏನಿಲ್ಲ. ನಾನು ಸ್ಟುಡಿಯೋ ಟೆಕ್ನಿಕಲ್ ಸೈಡ್ ನೋಡ್ಕೊಳ್ಳೋನು, "ಹೂಂ ಹೂಂ" ವಿಷಯ ನಂದು.

ಎರಡು ಮೈಕನ್ನ ಎರಡು ಬೇರೆ ಟ್ರ್ಯಾಕಿಗೆ, ಅಂದ್ರೆ ಒಬ್ಬೊಬ್ಬರ ದನಿ ಬೇರೆ ಬೇರೆಯಾಗಿ ಉಳಿಯೋ ಹಾಗೆ, ರೆಕಾರ್ಡ್ ಮಾಡಿ. ನಿಮ್ಮ ಮಿಕ್ಸರ್ ಅಥವಾ ರೆಕಾರ್ಡರಲ್ಲಿ ಆ ಸೆಟ್ಟಿಂಗ್ ಇದೆಯಾ ಕೇಳಿ ನೋಡಿ, ಏನೂ ಇಲ್ಲಾಂದ್ರೆ ಒಬ್ಬರನ್ನ ಎಡಗಡೆ ಚಾನೆಲ್, ಇನ್ನೊಬ್ಬರನ್ನ ಬಲಗಡೆ ಚಾನೆಲ್‌ಗೆ ಹಾಕಿದ್ರೂ ನಡೆಯತ್ತೆ, ಕೊನೇಲಿ ಎರಡನ್ನೂ ಸೇರಿಸಿ ಒಂದೇ ಚಾನೆಲ್ (ಮೋನೋ) ಮಾಡ್ಕೊಂಡ್ರಾಯ್ತು. ಆಗ ನಿಮ್ಮ ಟ್ರ್ಯಾಕಲ್ಲಿ ಹೂಂ ಇರೋ ಕಡೆ ಮಾತ್ರ ಸೈಲೆಂಟ್ ಮಾಡಬಹುದು. ಆದ್ರೆ ನಿಮ್ಮ ದನಿ ಅವರ ಮೈಕಿಗೂ ಸ್ವಲ್ಪ ಹೋಗಿರತ್ತಲ್ಲ, ಅದಕ್ಕೆ ಮೈಕ್ ಬಾಯಿಂದ ಎಷ್ಟು ದೂರ ಇದೆಯೋ ಅದರ ಮೂರು ಪಟ್ಟಾದ್ರೂ ಎರಡು ಮೈಕಿನ ಮಧ್ಯೆ ದೂರ ಇರ್ಬೇಕು ಅನ್ನೋದು ಹಳೇ ಲೆಕ್ಕ. ಮತ್ತೆ ಬಾಯಲ್ಲಿ ಹೂಂ ಅನ್ನೋ ಬದಲು ತಲೆ ಆಡಿಸಿ. ಶುರು ಮಾಡೋ ಮುಂಚೆ ಗೆಸ್ಟ್‌ಗೆ ಹೇಳ್ಬಿಡಿ, "ನೀವು ಮಾತಾಡೋವಾಗ ನಾನು ದನಿ ಮಾಡಲ್ಲ, ತಲೆ ಆಡಿಸ್ತೀನಿ, ಕೇಳಿಸ್ಕೋತಾ ಇರ್ತೀನಿ" ಅಂತ. ಹೇಳ್ದೇ ಇದ್ರೆ ಇವರಿಗೆ ಇಷ್ಟ ಆಗ್ತಿಲ್ವೇನೋ ಅಂತ ಅವರು ಮಾತು ಕಮ್ಮಿ ಮಾಡ್ತಾರೆ.

ಮೈಕ್ ಬಾಯಿಂದ ಒಂದು ಮುಷ್ಟಿ, ಒಂದೂವರೆ ಮುಷ್ಟಿ ದೂರ, ನೇರ ಮುಂದೆ ಬೇಡ, ಸ್ವಲ್ಪ ಪಕ್ಕಕ್ಕೆ ಓರೆ ಮಾಡಿ. ಪ, ಫ, ಬ, ಭ ಅನ್ನೋವಾಗ ಬಾಯಿಂದ ಬರೋ ಗಾಳಿ ಮೈಕಿಗೆ ನೇರ ಬಡಿದ್ರೆ ಢಬ್ ಅಂತ ಕೇಳತ್ತೆ, ನಮ್ಮ ಭಾಷೇಲಿ ಆ ಅಕ್ಷರಗಳಿಗೇನೂ ಬರ ಇಲ್ಲ. ಲೆವೆಲ್, ಅಂದ್ರೆ ಮೀಟರಲ್ಲಿ ಕಾಣೋ ದನಿಯ ಮಟ್ಟ, ಜೋರು ಮಾತಿಗೆ ಮೈನಸ್ 12ರಿಂದ ಮೈನಸ್ 6 ಡಿಬಿ (ಡೆಸಿಬೆಲ್) ಮಧ್ಯೆ ಇರ್ಲಿ, ಸೊನ್ನೆ ಅದರ ತುದಿ. ಸೊನ್ನೆ ಮುಟ್ಟಿ ಒಡೆದ ದನೀನ ಸರಿ ಮಾಡೋದು ಬಹಳ ಕಷ್ಟ, ಸ್ವಲ್ಪ ಕಮ್ಮಿ ಇದ್ರೆ ಆಮೇಲೆ ಏರಿಸಬಹುದು. ದನಿ ಕುಗ್ಗಿಸಿಡೋ ಎಂಪಿ3 ಬೇಡ, ಕುಗ್ಗಿಸದ ವೇವ್ (WAV) ಫೈಲ್, ಸ್ಯಾಂಪಲ್ ರೇಟ್ ಅನ್ನೋ ಸೆಟ್ಟಿಂಗ್ 48 ಅಥವಾ 44.1 ಕಿಲೋಹರ್ಟ್ಸ್. ಫ್ಯಾನ್ ಆಫ್. ಎರಡೂ ಮೊಬೈಲು ಫ್ಲೈಟ್ ಮೋಡ್, ಸೈಲೆಂಟ್ ಸಾಲ್ದು, ಸೈಲೆಂಟಲ್ಲಿದ್ರೂ ಸಿಗ್ನಲ್ ಹುಡುಕೋವಾಗ ಕೇಬಲ್‌ಗೆ ಗುರ್ ಗುರ್ ಸದ್ದು ಬರಬಹುದು.

ಲೆವೆಲ್ ನೋಡೋವಾಗ "ಹಲೋ ಹಲೋ" ಅನ್ನಿಸ್ಬೇಡಿ, ಯಾರೂ ಹಲೋ ಅನ್ನೋ ದನಿಯಲ್ಲಿ ಅರ್ಧ ಗಂಟೆ ಮಾತಾಡಲ್ಲ. ಇಲ್ಲಿಗೆ ಹೇಗೆ ಬಂದ್ರಿ, ದಾರಿ ಸಿಕ್ತಾ ಅಂತ ಕೇಳಿ, ಮಾತು ಸಹಜವಾಗಿ ಬರತ್ತೆ. ಆದ್ರೆ ನಿಜವಾದ ಮೊದಲ ಪ್ರಶ್ನೆ ಮಾತ್ರ ಆಗ ಕೇಳ್ಬೇಡಿ. ಒಂದು ಕಥೆ ಮೊದಲ ಸಲ ಹೇಳೋವಾಗ ಇರೋ ಜೀವ ಎರಡನೇ ಸಲ ಇರಲ್ಲ. ಆಮೇಲೆ ಅವರ ಹೆಸರು, ಏನ್ ಕೆಲಸ ಅಂತ ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡ್ಕೊಳಿ, ಹೆಸರು ತಪ್ಪಾಗಿ ಉಚ್ಚರಿಸೋದು ತಪ್ಪತ್ತೆ. ಮುಗಿದ ಮೇಲೆ ಇಬ್ರೂ ಅಲ್ಲೇ ಕೂತು ಮೂವತ್ತು ಸೆಕೆಂಡ್ ಸುಮ್ನೆ ರೂಮಿನ ಸದ್ದು ಮಾತ್ರ ರೆಕಾರ್ಡ್ ಮಾಡಿ. ಎಡಿಟ್ ಮಾಡೋವಾಗ ಮಾತಿನ ಮಧ್ಯೆ ಕತ್ತರಿಸಿದ ಕಡೆ ಅದನ್ನ ತುಂಬಿಸಿದ್ರೆ ಗುಂಡಿ ಬಿದ್ದ ಹಾಗೆ ಕೇಳಲ್ಲ.

ಕೊನೇದು, ಆಗುತ್ತೆ ಅಂದ್ರೆ ಮೀಟರ್ ನೋಡೋಕೆ ಇನ್ನೊಬ್ಬ ವಾಲಂಟಿಯರ್‌ನ ಕೂರಿಸ್ಕೊಳಿ, ಮೊದಲ ಹತ್ತು ಸಂದರ್ಶನಕ್ಕಾದ್ರೂ. ನಮ್ಮಲ್ಲಿ ಹೊಸಬರಿಗೆ ಎರಡೂ ಕೆಲಸ ಒಟ್ಟಿಗೆ ಕೊಡಲ್ಲ.


ನಡುರಾತ್ರಿ_ದನಿ:

ಹೊಸಮೈಕು ಅವರೇ, ನಾನೂ ಇದ ತಪ್ಪು ಮಾಡೀನ್ರಿ, ಬಾಳ ಸಲ ಮಾಡೀನಿ. ಮ್ಯಾಲಿನವರು ಹೇಳಿದ್ದೆಲ್ಲಾ ಖರೆ ಅದ. ನಾ ಲೈವ್ ಕಾರ್ಯಕ್ರಮ ಮಾಡ್ತೀನಿ, ಅದರ ಬಗ್ಗೆ ಎರಡು ಮಾತು ಹೇಳ್ತೀನಿ, ಮುಂದ ನಿಮಗೂ ಬೇಕಾಗ್ತದ.

ರೇಡಿಯೋ ಕೇಳೋರು ನಡುವ ಬಂದು ಕೂಡ್ಕೋತಾರ್ರಿ. ಎಂಟು ಹತ್ತು ನಿಮಿಷಕ್ಕೊಮ್ಮೆ ಮಾತಿನಾಗ ಸೇರಿಸಿ ಗೆಸ್ಟ್ ಯಾರು ಅಂತ ಹೇಳ್ಬೇಕು, "ನಾವು ಮಾತಾಡ್ಲಿಕತ್ತೀವಿ ಇಂಥವರ ಜೋಡಿ" ಅಂತ. ಮತ್ತ ಗೆಸ್ಟ್ ಫೋಟೋ ತೋರಿಸಿದ್ರ, ಕೈ ಮಾಡಿ "ಇಷ್ಟು ದೊಡ್ಡದಿತ್ತು" ಅಂದ್ರ, ಅದನ್ನ ನೀವು ಮಾತಿನಾಗ ಹೇಳ್ಬೇಕ್ರಿ, ಕೇಳೋರಿಗೆ ನಿಮ್ಮ ಕಣ್ಣು ಬಿಟ್ರ ಬ್ಯಾರೆ ಕಣ್ಣಿಲ್ಲ.

ಮಾತು ನಿಲ್ಲಿಸಲಾರದ ಗೆಸ್ಟ್‌ಗಳೂ ಬರ್ತಾರ. ಅವರ ಮಾತು ನಡುವ ಕಡೀಲಿಕ್ಕೆ ಉಸಿರು ತಗೊಳ್ಳೋ ಜಾಗ ಕಾಯ್ಬೇಕು, ಅವರ ಹೆಸರು ಹಿಡಿದು ಕರೀಬೇಕು, ಅವರು ಹೇಳಿದ್ದರಾಗಿನ ಒಂದು ಮಾತು ಹಿಡಿದುಕೊಂಡು ಮುಂದಿನ ಪ್ರಶ್ನೆಗೆ ಹೋಗ್ಬೇಕು. ಹಂಗ ಮಾಡಿದ್ರ ಕಡದಂಗ ಅನಸೂದಿಲ್ಲ. ನಾ ಮೊದಲ ಹೇಳಿಟ್ಟಿರ್ತೀನಿ, "ನಾ ಹಿಂಗ ಕೈ ಎತ್ತಿದ್ರ ಆ ಮಾತು ಮುಗಸ್ರಿ" ಅಂತ. ಯಾರೂ ಬ್ಯಾಸರ ಮಾಡ್ಕೊಂಡಿಲ್ಲ.

"ನಮ್ಮಂಥವರ ಮಾತು ಯಾರು ಕೇಳ್ತಾರ ಬಿಡ್ರಿ" ಅಂತ ಎಷ್ಟೋ ಮಂದಿ ಅಂತಾರ. ಅವರಿಗೆ ನಾ ಬೊಲಿವಿಯಾದ ಗಣಿ ಕಾರ್ಮಿಕರ ಕಥಿ ಹೇಳ್ತೀನಿ. 1940ರ ದಶಕದ ಕೊನೀಗೆ ಅವರು ತಮ್ಮ ಪಗಾರದಾಗಿನ ರೊಕ್ಕ ಹಾಕಿ ತಮ್ಮದ ರೇಡಿಯೋ ಸುರು ಮಾಡಿದ್ರು, ತಮ್ಮ ಸುದ್ದಿ ತಾವ ಹೇಳ್ಕೊಂಡ್ರು. ಹೆಚ್ಚು ಕಡಿಮಿ ಅದ ಹೊತ್ತಿಗೆ, 1949ರಾಗ, ಅಮೆರಿಕದ ಬರ್ಕ್ಲಿಯೊಳಗ ಕೆಪಿಎಫ್‌ಎ ಅಂತ ಜಾಹೀರಾತು ಇಲ್ಲದ, ಕೇಳೋರು ಕೊಟ್ಟ ರೊಕ್ಕದ ಮ್ಯಾಲ ನಡಿಯೋ ಸ್ಟೇಷನ್ ಸುರು ಆತು. ಸಮುದಾಯ ರೇಡಿಯೋ ಹುಟ್ಟಿದ್ದ ನಿಮ್ಮಂಥವರ ಮಾತಿಗೆ ಅಂತ ಹೇಳಿದ್ರ ಅವರ ಮುಖ ಬದಲಾಗ್ತದ. ಬಸ್ ಡ್ರೈವರ್ ಅಣ್ಣಾವ್ರಿಗೂ ಹೇಳಿ ನೋಡ್ರಿ.


ಎರಡನೇಪ್ರಶ್ನೆ:

ಪ್ರಶ್ನೆ ಮೊದಲೇ ಕಳಿಸ್ಬೇಕಾ ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ.

ನಾನು ಕಳಿಸಲ್ಲ. ಮೊದಲು ಒಂದೆರಡು ವರ್ಷ ಕಳಿಸ್ತಿದ್ದೆ, ಗೆಸ್ಟ್‌ಗಳು ಉತ್ತರ ಬರ್ಕೊಂಡು ಬಂದು ಓದ್ತಿದ್ರು, ಮಾತು ಮಾತಾಗಿ ಬರ್ತಾನೇ ಇರ್ಲಿಲ್ಲ. ಈಗ ವಿಷಯ ಏನು, ಎಷ್ಟು ಹೊತ್ತು, ಯಾರಿಗೆ, ಯಾವಾಗ ಪ್ರಸಾರ ಆಗತ್ತೆ ಅಂತ ಫೋನಲ್ಲಿ ಹೇಳ್ತೀನಿ, ಪ್ರಶ್ನೆ ಹೇಳಲ್ಲ. ಹಳೇ ವರ್ಷ, ಲೆಕ್ಕ ಏನಾದ್ರೂ ನೆನಪು ಮಾಡ್ಕೊಂಡು ಬರ್ಬೇಕಿದ್ರೆ ಅದನ್ನ ಮಾತ್ರ ಮೊದಲೇ ಕೇಳ್ತೀನಿ. ಅಧಿಕಾರದಲ್ಲಿರೋರಿಗಂತೂ ಪ್ರಶ್ನೆ ಕಳಿಸಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆದ್ರೆ ಒಂದು ಕಡೆ ನಿಯಮ ತಿರುಗತ್ತೆ, ನೋವು ಇರೋ ಕಡೆ. ಅಪಘಾತ, ಸಾವು, ಹಿಂಸೆ ಇಂಥದ್ದನ್ನ ಅನುಭವಿಸಿದವರನ್ನ ಮಾತಾಡಿಸೋವಾಗ ಯಾವ ಜಾಗಕ್ಕೆ ಹೋಗ್ತೀವಿ ಅಂತ ಮೊದಲೇ ಹೇಳ್ಬೇಕು, "ಬೇಡ ಅನ್ನಿಸಿದ್ರೆ ಬೇಡ ಅನ್ನಿ, ಕಾರಣ ಹೇಳ್ಬೇಕಾಗಿಲ್ಲ" ಅಂತಾನೂ ಹೇಳ್ಬೇಕು. ಅದಕ್ಕೇ ಕಿವಿಮಾತು ಅವರ ಮಾತನ್ನ ಪೂರ್ತಿ ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಕಷ್ಟ. ಮೌನಕ್ಕೆ ಎಳೆಯೋ ಶಕ್ತಿ ಇದೆ. ನಾವು ಸುಮ್ನೆ ಕೂತು ನೋಡ್ತಾ ಇದ್ರೆ ಎದುರಿಗಿರೋರು ತುಂಬಿಸಲೇಬೇಕು ಅಂತ ಏನೋ ಹೇಳ್ಬಿಡ್ತಾರೆ, ರಾತ್ರಿ ಮನೆಗೆ ಹೋಗಿ ಯಾಕೆ ಹೇಳಿದೆನೋ ಅಂತ ಒದ್ದಾಡ್ತಾರೆ. ನನ್ನ ಒಂದು ಕಾರ್ಯಕ್ರಮದಲ್ಲಿ ಹೀಗೇ ಆಯ್ತು. ಒಬ್ಬ ತಾಯಿ ಮಗನ ವಿಷಯ ಹೇಳಿದ್ರು, ನಾನು ಸುಮ್ನೆ ಕೂತೆ, ಅವರು ಇನ್ನೂ ಹೇಳಿದ್ರು. ಕೇಳಿದವರೆಲ್ಲ ಚೆನ್ನಾಗಿ ಬಂದಿದೆ ಅಂದ್ರು. ಪ್ರಸಾರ ಆದ ಮೂರನೇ ದಿನ ಅವರು ಫೋನ್ ಮಾಡಿ, "ಅಂಗಡಿಗೆ ಹೋದ್ರೆ ಎಲ್ಲಾ ನನ್ನೇ ನೋಡ್ತಾರಮ್ಮ" ಅಂದ್ರು. ಆ ದನಿ ಇವತ್ತಿಗೂ ನನ್ನ ಕಿವೀಲಿದೆ. ದೊಡ್ಡ ಚಾನೆಲ್‌ನವರಿಗೆ ಗೆಸ್ಟ್ ಮತ್ತೆ ಸಿಗಲ್ಲ, ನಮಗೆ ಹಾಗಲ್ಲ, ನಮ್ಮ ಗೆಸ್ಟೂ ಕೇಳುಗರೂ ಒಂದೇ ಬೀದಿಯವರು.

ಅವತ್ತಿಂದ ಎರಡು ಕೆಲಸ ತಪ್ಪದೇ ಮಾಡ್ತೀನಿ. ರೆಕಾರ್ಡಿಂಗ್ ಮುಗಿದ ತಕ್ಷಣ "ಇದರಲ್ಲಿ ಯಾವುದಾದ್ರೂ ಹೊರಗೆ ಹೋಗ್ಬಾರದು ಅನ್ನಿಸ್ತಿದೆಯಾ?" ಅಂತ ಕೇಳ್ತೀನಿ, ಪ್ರಸಾರಕ್ಕೆ ಮುಂಚಿನ ದಿನ ಫೋನ್ ಮಾಡಿ ಇನ್ನೊಂದು ಸಲ ಕೇಳ್ತೀನಿ. ಆನ್‌ಲೈನಲ್ಲೂ ಹಾಕ್ತೀವಿ ಅಂದ್ರೆ ಅದನ್ನ ಬಿಡಿಸಿ ಹೇಳ್ಬೇಕು, ಒಂದ್ಸಲ ಪ್ರಸಾರ ಆಗಿ ಹೋಗೋದು ಬೇರೆ, ಯಾವಾಗ ಬೇಕಾದ್ರೂ ಯಾರು ಬೇಕಾದ್ರೂ ಕೇಳೋ ಹಾಗೆ ಉಳಿಯೋದು ಬೇರೆ. ಮಕ್ಕಳಾದ್ರೆ ಮನೆಯವರ ಒಪ್ಪಿಗೆ ಬರವಣಿಗೇಲಿ. ಅಲ್ಲಿಲ್ಲದ ಮೂರನೇ ವ್ಯಕ್ತಿ ಮೇಲೆ ಆರೋಪ ಬಂದ್ರೆ ಅದನ್ನ ನೀವೊಬ್ರೇ ತೀರ್ಮಾನ ಮಾಡ್ಬೇಡಿ, ಸ್ಟೇಷನ್ನಲ್ಲಿ ಜವಾಬ್ದಾರಿ ಇರೋರಿಗೆ ಕೇಳಿಸಿ.


ಕಿವಿಮಾತು:

@ಎರಡನೇಪ್ರಶ್ನೆ ನಿಮ್ಮ ಮಾತು ಒಪ್ತೀನಿ ಮೇಡಂ. ಮೌನ ಕೊಡೋದು ಅಂತ ನಾನು ಬರೆದಾಗ ಕಾಯೋದು ಅಂತ ಮಾತ್ರ ಮನಸ್ಸಲ್ಲಿತ್ತು, ಎಳೆಯೋದೂ ಆಗಬಹುದು ಅನ್ನೋದು ಹೊಸಬರಿಗೆ ಹೇಳ್ಲೇಬೇಕಾದ ವಿಷಯ, ನಾನು ಬಿಟ್ಟಿದ್ದೆ. ಇನ್ಮೇಲೆ ತರಬೇತೀಲಿ ಎರಡನ್ನೂ ಒಟ್ಟಿಗೇ ಹೇಳ್ತೀನಿ.

ಅದಕ್ಕೆ ಹೊಂದೋ ಇನ್ನೊಂದು. ನೋವಿನ ವಿಷಯ ಬಂದಾಗ "ಆಗ ನಿಮಗೆ ಹೇಗನ್ನಿಸ್ತು?" ಅಂತ ಕೇಳೋದು ಬೇಡ. ಎಲ್ರಿಗೂ ಗೊತ್ತು ಹೇಗನ್ನಿಸಿರತ್ತೆ ಅಂತ. "ಆಗ ಏನ್ ಮಾಡಿದ್ರಿ?" ಅಂತ ಕೇಳಿದ್ರೆ ಅವರು ಎಷ್ಟು ಬೇಕೋ ಅಷ್ಟು ಹೇಳ್ಕೋಬಹುದು, ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಅವರ ಕೈಲೇ ಇರತ್ತೆ. ಇನ್ನು, ಮೈಕ್ ಆಫ್ ಆದ್ಮೇಲೆ ಒಳ್ಳೊಳ್ಳೆ ಮಾತು ಬರೋದು ಎಲ್ಲಾ ಕಡೆ ಇದ್ದಿದ್ದೇ. ಅದಕ್ಕೆ ಗೊತ್ತಾಗದ ಹಾಗೆ ರೆಕಾರ್ಡರ್ ಆನ್ ಇಡೋರೂ ಇದಾರೆ, ಅದು ತಪ್ಪು. ಅದರ ಬದಲು ಮುಗಿಸೋ ಮುಂಚೆ "ನಾನು ಕೇಳ್ಬೇಕಿತ್ತು, ಕೇಳ್ದೇ ಬಿಟ್ಟೆ ಅನ್ನೋದು ಏನಾದ್ರೂ ಇದೆಯಾ ಸರ್?" ಅಂತ ಕೇಳಿ. ನನಗೆ ಸಿಕ್ಕಿರೋ ಅರ್ಧಕ್ಕರ್ಧ ಒಳ್ಳೇ ಮಾತುಗಳು ಆ ಪ್ರಶ್ನೆಯಿಂದಾನೇ ಬಂದಿರೋದು.


ಹೊಸಮೈಕು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇಷ್ಟೊಂದು ಸಮಯ ತಗೊಂಡು ಬರೀತೀರಿ ಅಂದ್ಕೊಂಡಿರ್ಲಿಲ್ಲ.

ಕಿವಿಮಾತು ಸರ್ ಹೇಳಿದ ಅಭ್ಯಾಸ ಅಜ್ಜಿ ಜೊತೆ ಮಾಡಿದೆ. ಮೂರನೇ ಪ್ರಶ್ನೆಗೇ ನಾನು ನನ್ನ ಇಡೀ ಜೀವನದಲ್ಲಿ ಕೇಳದೇ ಇದ್ದ ವಿಷಯ ಹೊರಗೆ ಬಂತು, ಅವರು ಹುಡುಗಿಯಾಗಿದ್ದಾಗ ಎರಡು ವರ್ಷ ಸ್ಕೂಲಲ್ಲಿ ಪಾಠ ಹೇಳಿದ್ರಂತೆ. ಒಂದೇ ಮನೇಲಿದೀವಿ, ನಂಗೆ ಗೊತ್ತೇ ಇರ್ಲಿಲ್ಲ. ಬರೆದು ನೋಡಿದ್ರೆ ಮೊದಲ ಅರ್ಧದಲ್ಲಿ ನಂದೇ ಮಾತು ಜಾಸ್ತಿ. ಹೂಂ ಅನ್ನೋದು ನಿಲ್ಲಿಸೋಕೆ ಇನ್ನೂ ಆಗ್ತಿಲ್ಲ, ಪ್ರಯತ್ನ ಪಡ್ತಿದೀನಿ.

ಒಂದು ಕೇಳ್ಬೇಕು. ಡ್ರೈವರ್ ಸರ್‌ಗೆ ಮತ್ತೆ ಫೋನ್ ಮಾಡಬಹುದಾ? ಕಾರ್ಯಕ್ರಮ ಇನ್ನೂ ಪ್ರಸಾರ ಆಗಿಲ್ಲ. ಆದ್ರೆ ಅವರು ಅವತ್ತು ಹೇಳಿದ್ದು ನಾನು ಕೇಳಿಸ್ಕೊಳ್ಳಲಿಲ್ಲ ಅಂತ ಅವರಿಗೂ ಗೊತ್ತಿರತ್ತೆ ಅಲ್ವಾ, ಈಗ ಹೇಗೆ ಶುರು ಮಾಡೋದು?


ಎರಡನೇಪ್ರಶ್ನೆ:

ಮಾಡಿ. ಇದ್ದಿದ್ದು ಇದ್ದ ಹಾಗೆ ಹೇಳಿ. "ಅವತ್ತು ನೀವೊಂದು ಮಾತು ಹೇಳಿದ್ರಿ, ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ, ಅದು ನನ್ನ ತಪ್ಪು. ಅದರ ಬಗ್ಗೆ ಮಾತಾಡೋಕೆ ನಿಮಗೆ ಇಷ್ಟ ಇದ್ರೆ ನಾನು ಬರ್ತೀನಿ, ಇಲ್ಲಾಂದ್ರೆ ಅದನ್ನ ಕಾರ್ಯಕ್ರಮದಿಂದ ತೆಗೀಲಾ?" ಅಂತ ಕೇಳಿ. ಎರಡೂ ದಾರಿ ಅವರ ಮುಂದೆ ಇಡಿ.


ನಡುರಾತ್ರಿ_ದನಿ:

ಹೌದ್ರಿ, ಮಾಡ್ರಿ. ಮಾತಿನ ನಡುವ ಮರಿಯೋದು ಎಲ್ಲಾರೂ ಮಾಡ್ತಾರ, ತಿರುಗಿ ಫೋನ್ ಮಾಡಿ ಕೇಳೋರು ಯಾರಿದ್ದಾರ.


ಹೊಸಮೈಕು:

ಮಾಡಿದೆ. ಮೇಡಂ ಬರೆದಿದ್ದನ್ನೇ ಹೆಚ್ಚು ಕಮ್ಮಿ ಹಾಗೇ ಹೇಳಿದೆ, ನನ್ನ ದನಿ ನಡುಗ್ತಿತ್ತು. ಅವರು ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ, ಈ ಸಲ ನಾನೂ ಏನೂ ಅನ್ಲಿಲ್ಲ. ಆಮೇಲೆ "ಅಯ್ಯೋ ಅದನ್ನ ನೀನು ಕೇಳ್ಕೊಂಡ್ಯಾ ಮಗಳೇ" ಅಂದ್ರು. ತೆಗೆಯೋದು ಬೇಡ ಅಂದ್ರು, ಹೇಳ್ತೀನಿ ಅಂತಾನೂ ಅನ್ಲಿಲ್ಲ. "ಮೊದಲು ಸುಮ್ನೆ ಬಾ, ಮಿಷನ್ ಎಲ್ಲಾ ಬೇಡ, ಕೂತು ಮಾತಾಡಣ, ಆಮೇಲೆ ನೋಡಣ" ಅಂದ್ರು.

ಕಾರ್ಯಕ್ರಮದ ದಿನಾಂಕ ಎರಡು ವಾರ ಮುಂದಕ್ಕೆ ಹಾಕಿಸಿದೀನಿ. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗ್ತಿದೀನಿ, ರೆಕಾರ್ಡರ್ ತಗೊಂಡು ಹೋಗ್ತಿಲ್ಲ.